ಮಳೆಗಾಲದಲ್ಲಿ ಬೀದಿ ನಾಯಿಮರಿಯನ್ನು ಫಾಸ್ಟರ್ ಮಾಡುವವರಿಗೆ

ಕಾಯಂ ಮನೆ ಸಿಗುವ ತನಕ ಒಂದು ಮರಿಯನ್ನು ನಿಮ್ಮ ಮನೆಯಲ್ಲಿ ಸಾಕುವುದು, ಫಾಸ್ಟರ್ ಅಂದರೆ ಇಷ್ಟೇ. ನಮ್ಮ ಕರಾವಳಿಯಲ್ಲಿ ಇದಕ್ಕೆ ಜನ ಬೇಕಾಗುವುದು ಜೂನ್ ಬಂದಾಗ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ಗೋಕರ್ಣದ ಬೀಚಿನಲ್ಲಿ ಹೆಚ್ಚಿನ ಅಂಗಡಿಗಳೂ ಮುಚ್ಚುತ್ತವೆ, ಹಾಗಾಗಿ ಮೀನಿನ ತಲೆ, ಪ್ರವಾಸಿಗರ ಬಿಸ್ಕತ್ತು ನಂಬಿದ್ದ ನಾಯಿಗಳಿಗೆ ಸುರಿಯುವ ಮಳೆಯಲ್ಲಿ ಹೊಟ್ಟೆಗೂ ಇರುವುದಿಲ್ಲ.

ಮರಿ ತರುವ ಮೊದಲು ಮನೆಯವರ ಹತ್ತಿರ ಮಾತಾಡಿ. ಮಡಿ ಪಾಲಿಸುವ ಹಿರಿಯರಿದ್ದರೆ ನಾಯಿ ಎಲ್ಲಿವರೆಗೆ ಬರಬಹುದು ಅಂತ ಅವರೇ ಹೇಳಲಿ.

ಮೊದಲ ಎರಡು ವಾರ ಮರಿಯನ್ನು ನಿಮ್ಮ ನಾಯಿಯಿಂದ ದೂರ ಇಡಿ. ಇದೊಂದು ವಿಷಯದಲ್ಲಿ ಸಡಿಲ ಬಿಡಲೇಬೇಡಿ. ಪಾರ್ವೊ ಅಂದರೆ ನಾಯಿಮರಿಗಳ ಕರುಳಿಗೆ ಬರುವ ವೈರಸ್ ಅಂಟುರೋಗ. ಅದು ತಗುಲಿದ ಮರಿ ಕೆಲವು ದಿನ ಚೆನ್ನಾಗಿ ಆಡಿಕೊಂಡೇ ಇರುತ್ತದೆ, ಆಮೇಲೆ ಊಟ ಬಿಟ್ಟು, ವಾಂತಿ ಮಾಡಿ, ರಕ್ತಭೇದಿ ಶುರುವಾಗುತ್ತದೆ. ಆಗ ನಾಳೆ ನೋಡೋಣ ಅನ್ನಬೇಡಿ, ತಕ್ಷಣ ಡಾಕ್ಟರ ಹತ್ತಿರ ಹೋಗಿ. ಈ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಫಿನಾಯಿಲ್ ನಂಬಬೇಡಿ, ಬ್ಲೀಚಿಂಗ್ ಪುಡಿ ಕರಗಿಸಿದ ನೀರಿನಲ್ಲಿ ನೆಲ ತೊಳೆಯಿರಿ. ಮರಿಗೆ 6–8 ವಾರವಾದಾಗ ಲಸಿಕೆ ಶುರು, ರೇಬಿಸ್ ಲಸಿಕೆ ಮೂರು ತಿಂಗಳಿಗೆ.

ಹಾಸಲು ಗೋಣಿಚೀಲ ಬೇಡ, ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ. ಹಳೇ ಲುಂಗಿ, ಪೇಪರ್ ಸಾಕು. ಉಣುಗು ಕಂಡರೆ ಸೀಮೆಎಣ್ಣೆ ಹಚ್ಚಬೇಡಿ, ಚರ್ಮ ಸುಡುತ್ತದೆ. ಚಿಮಟಿಯಿಂದ ತೆಗೆಯಿರಿ, ಕೈಯಲ್ಲಿ ಹೊಸಕಬೇಡಿ. ಶಿರಸಿ, ಸಿದ್ದಾಪುರದ ಕಡೆಯವರು ಬೇಸಿಗೆಯಲ್ಲಿ ನಾಯಿಯನ್ನು ಕಾಡಿಗೆ ಕರೆದೊಯ್ಯಲೇಬಾರದು, ಅಲ್ಲಿ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ. ಊಟಕ್ಕೆ ಮೆತ್ತಗಿನ ಅನ್ನ, ಮೊಟ್ಟೆ, ಉಪ್ಪು ಖಾರ ಹಾಕದೆ ಬೇಯಿಸಿ ಮುಳ್ಳು ತೆಗೆದ ಮೀನು ಕೊಡಿ. ದನದ ಹಾಲು ತುಂಬಾ ಮರಿಗಳಿಗೆ ಭೇದಿ ಮಾಡಿಸುತ್ತದೆ.

ಮರಿಯ ಹಲ್ಲು ತಾಗಿ ನಿಮಗೆ ಗಾಯವಾದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ. ಮರಿ ಚಿಕ್ಕದು ಅಂತ ಸುಮ್ನೆ ಬಿಡಬೇಡಿ.

ಇಷ್ಟೆಲ್ಲ ಯಾಕೆ ಮಾಡಬೇಕು ಅಂತ ಕೇಳಿದರೆ, ಬೆಂಚಿನಡಿ ನಡುಗುತ್ತ ಕೂತಿದ್ದ ಮರಿ ಒಂದು ದಿನ ತಾನಾಗೇ ಬಂದು ನಿಮ್ಮ ಕಾಲಿಗೆ ಬೆನ್ನು ತಾಗಿಸಿ ಮಲಗುತ್ತದೆ ನೋಡಿ, ಆ ನಂಬಿಕೆ ಹುಟ್ಟಿಸಿದ್ದು ನೀವು ಅಲ್ವಾ. ಗುಡುಗಿಗೆ ಹೆದರುತ್ತದಾ, ಮಕ್ಕಳ ಜೊತೆ ಹೊಂದುತ್ತದಾ, ಇದೆಲ್ಲ ನಿಮಗೆ ಮಾತ್ರ ಗೊತ್ತಿರುತ್ತದೆ. ಬರೆದಿಟ್ಟುಕೊಳ್ಳಿ, ಸರಿಯಾದ ಮನೆ ಹುಡುಕಲು ಅದೇ ಆಧಾರ.

ಕೊಡುವ ದಿನ ಅಳು ಬರುತ್ತದೆ. ನಾವೇ ಇಟ್ಟುಕೊಳ್ಳೋಣ ಅಂತಲೂ ಅನಿಸುತ್ತದೆ. ಆದರೆ ಆ ಜಾಗ ತುಂಬಿದರೆ ಮುಂದಿನ ಮರಿಯನ್ನು ಎಲ್ಲಿ ಇಡುತ್ತೀರಿ? ಹೊಸ ಮನೆಯ ಬಾವಿಗೆ ಕಟ್ಟೆ ಇದೆಯಾ ನೋಡಿ. ಚಿರತೆ ಓಡಾಡುವ ಊರಾದರೆ ರಾತ್ರಿ ನಾಯಿಯನ್ನು ಒಳಗೆ ಮಲಗಿಸುತ್ತಾರಾ ಕೇಳಿ. ಲಸಿಕೆ ಕಾರ್ಡಿನ ಜೊತೆ ಅದು ಮಲಗುತ್ತಿದ್ದ ಬಟ್ಟೆಯನ್ನೂ ತೊಳೆಯದೆ ಕೊಡಿ. ಸಂತಾನಹರಣ ಆಪರೇಷನ್ ಯಾವಾಗ ಮಾಡಿಸುತ್ತಾರೆ ಅನ್ನುವುದನ್ನು ಅವತ್ತೇ ಮಾತಾಡಿ ಮುಗಿಸಿ.