ಕೊಟ್ಟಿಗೆಗೆ ಸುಣ್ಣ: ನಾನು ಮಾಡುವ ರೀತಿ

ಮುಧೋಳದ ಹತ್ತಿರ, ಘಟಪ್ರಭಾ ದಂಡೆಗೆ ನಮ್ಮ ಊರು. 2019ರ ನೆರೆ ಇಳಿದ ಮೇಲೆ, ರೋಗಾಣು ಸಾಯಲೆಂದು ದನದ ಕೊಟ್ಟಿಗೆಯಲ್ಲಿ ಸುಟ್ಟ ಸುಣ್ಣ ಬಳಸಲು ಶುರು ಮಾಡಿದೆ. ಈಗಲೂ ಮಳೆಗಾಲ ಮುಗಿದ ಮೇಲೆ ಒಮ್ಮೆ ಮಾಡುತ್ತೇನೆ.

ನಮ್ಮ ಕಡೆ ಜಾತ್ರೆ ಬಂದರೆ, ಸಾಹೇಬರು ಬಂದರೆ ಗಟಾರದ ಅಂಚಿಗೆ ಬಿಳಿ ಪುಡಿ ಎಳೆಯುತ್ತಾರಲ್ವಾ, ಅದು ಬಹುಪಾಲು ನೋಡಲಿಕ್ಕೆ ಅಷ್ಟೇ. ಗಾಳಿಗೆ ತೆರೆದಿಟ್ಟ ಸುಣ್ಣ ನಿಧಾನಕ್ಕೆ ಸೀಮೆಸುಣ್ಣದಂತಾಗಿ ಬಿಡುತ್ತದೆ, ಖಾರ ಹೋಗುತ್ತದೆ. ರೋಗಾಣು ಸಾಯುವುದು ಸುಣ್ಣದ ಬಿಳಿಯಿಂದಲ್ಲ, ಕ್ಷಾರದಿಂದ. ಹೊಸದಾಗಿ ಅರಳಿಸಿದ, ಅಂದರೆ ಸುಟ್ಟ ಹೆಂಟೆಯನ್ನು ನೀರಿಗೆ ಹಾಕಿ ಕರಗಿಸಿದ ಸುಣ್ಣದ ಪಿಎಚ್ (ಕ್ಷಾರದ ಅಳತೆ, 7ರ ಮೇಲೆ ಹೋದಷ್ಟೂ ಕ್ಷಾರ ಜಾಸ್ತಿ) 12ರ ಮೇಲಿರುತ್ತದೆ. ಹಾಗಾಗಿ ನಾನು ಬಟ್ಟಿಯಿಂದ ಬಂದ ಗಟ್ಟಿ ಹೆಂಟೆಗಳನ್ನೇ ತರುತ್ತೇನೆ. ಪುಡಿಯಾಗಿದ್ದರೆ ವಾಪಸ್.

ಮೊದಲು ಸಗಣಿ, ಗಂಜಲ, ರಾಡಿ ಪೂರ್ತಿ ಬಳಿದು ತೊಳೆಯಬೇಕು. ಹೊಲಸಿನ ಮೇಲೆಯೇ ಸುಣ್ಣ ಹಾಕಿದರೆ ಅದರ ಶಕ್ತಿ ಅಲ್ಲೇ ಮುಗಿಯುತ್ತದೆ, ಮೇಲಾಗಿ ಗಂಜಲದಿಂದ ಅಮೋನಿಯಾ ಎದ್ದು ಕಣ್ಣು ಉರಿಯುತ್ತದೆ.

ಅರಳಿಸುವುದೇ ನಿಜವಾದ ಕೆಲಸ. ಕಬ್ಬಿಣದ ಬ್ಯಾರಲ್‌ಗೆ ಅರ್ಧಕ್ಕಿಂತ ಕಡಿಮೆ ನೀರು ತುಂಬುತ್ತೇನೆ, ಆಮೇಲೆ ಸಣ್ಣ ಸಣ್ಣ ಹೆಂಟೆಗಳನ್ನು ಒಂದೊಂದಾಗಿ ಉದ್ದ ಹಿಡಿಕೆಯ ಸಲಿಕೆಯಿಂದ ಇಳಿಸುತ್ತೇನೆ. ನೀರಿಗೆ ಸುಣ್ಣ, ಸುಣ್ಣಕ್ಕೆ ನೀರಲ್ಲ. ರಾಶಿಯ ಮೇಲೆ ಸ್ವಲ್ಪ ನೀರು ಹುಯ್ದರೆ ಆ ನೀರು ಕುದ್ದು ಸುಣ್ಣದ ಸಮೇತ ಮುಖಕ್ಕೇ ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ ಮೆತ್ತಗಾಗುತ್ತದೆ. ಅಲ್ಯೂಮಿನಿಯಂ ಪಾತ್ರೆಯನ್ನಂತೂ ಸುಣ್ಣ ತಿನ್ನುತ್ತದೆ, ಹೊತ್ತಿಕೊಳ್ಳುವ ಹೈಡ್ರೋಜನ್ ಬೇರೆ ಹುಟ್ಟುತ್ತದೆ. ಕುದಿ ನಿಂತು ಪೂರ್ತಿ ತಣ್ಣಗಾಗಲಿ. ಒಂದು ಕಿಲೋ ಹೆಂಟೆಗೆ ಒಟ್ಟು ನಾಲ್ಕೈದು ಲೀಟರ್ ನೀರು ಲೆಕ್ಕ ಹಿಡಿದು ಹಾಲಿನ ಹದಕ್ಕೆ ತಂದು, ಅವತ್ತೇ ನೆಲಕ್ಕೆ, ಗೋಡೆಯ ಬುಡಕ್ಕೆ ಬಳಿಯುತ್ತೇನೆ. ಪೂರ್ತಿ ಒಣಗುವವರೆಗೆ ದನಗಳು ಹೊರಗೇ. ಹಸಿ ಸುಣ್ಣದ ಮೇಲೆ ಮಲಗಿದರೆ ಕೆಚ್ಚಲು ಸುಟ್ಟಂತಾಗುತ್ತದೆ.

ತಂಬಾಕಿನ ಜೊತೆ ದಿನಾ ಅಂಗೈಯಲ್ಲಿ ತಿಕ್ಕುವ ಸುಣ್ಣ, ಏನಾಗ್ತದೆ ಬಿಡು ಅನ್ನುವ ಧೈರ್ಯ ನಮ್ಮವರಿಗೆ ಜಾಸ್ತಿ. ಆ ಸುಣ್ಣವೂ ಕಣ್ಣಿಗೆ ಸಿಡಿದರೆ ದೃಷ್ಟಿ ಕಳೆಯಬಲ್ಲದು. ನಾನು ಸುತ್ತ ಮುಚ್ಚುವ ಕನ್ನಡಕ, ರಬ್ಬರ್ ಕೈಗವಸು, ಗಂಬೂಟು, ತುಂಬುತೋಳಿನ ಅಂಗಿ ಹಾಕಿ, ಮೂಗಿಗೆ ಮಾಸ್ಕ್ ಕಟ್ಟಿ, ಗಾಳಿಗೆ ಬೆನ್ನು ಮಾಡಿ ನಿಲ್ಲುತ್ತೇನೆ. ಪಕ್ಕದಲ್ಲಿ ಒಂದು ಬ್ಯಾರಲ್ ಶುದ್ಧ ನೀರು ಇರಲೇಬೇಕು. ಮಕ್ಕಳು ಹತ್ತಿರ ಸುಳಿಯಬಾರದು. ಮೈಮೇಲೆ ಪುಡಿ ಬಿದ್ದರೆ ಮೊದಲು ಒಣಗಿದ್ದಾಗಲೇ ಕೊಡವಿ, ಆಮೇಲೆ ಧಾರಾಳ ನೀರು. ಕಣ್ಣಿಗೆ ಬಿದ್ದರೆ ಉಜ್ಜಬೇಡಿ, ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 20 ನಿಮಿಷ ಹರಿಯುವ ನೀರಲ್ಲಿ ತೊಳೆದು ಸೀದಾ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಎಣ್ಣೆ, ತುಪ್ಪ, ನಿಂಬೆ ರಸ ಏನೂ ಬೇಡ.

ಉಳಿದ ಹೆಂಟೆಗಳನ್ನು ಬಿಗಿ ಮುಚ್ಚಳದ ಒಣ ಕಬ್ಬಿಣದ ಡಬ್ಬಿಯಲ್ಲಿ ಇಡುತ್ತೇನೆ. ಗೋಣಿಚೀಲದಲ್ಲಿ ಕಟ್ಟಿ ಮೇವಿನ ಬಣವೆ ಪಕ್ಕ ಇಡುವವರನ್ನು ನೋಡಿದ್ದೇನೆ. ಮಳೆ ನೀರು ತಾಗಿದರೆ ಆ ಕಾವಿಗೆ ಕಣಕಿ ಹೊತ್ತಿಕೊಳ್ಳಬಹುದು. ಅರಳಿಸಿದ್ದು ಮಿಕ್ಕರೆ ಅಂಗಳದ ಮಾವಿನ ಮರದ ಬುಡಕ್ಕೆ ಬಳಿಯುತ್ತೇನೆ. ತಿಪ್ಪೆಗೆ ಮಾತ್ರ ಸುರಿಯುವುದಿಲ್ಲ, ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ.