ಆರ್ಮೇನಿಯನ್ ಅಡ್ಡಹೆಸರು ಬಿಡಿಸುವ ಬಗೆ: ನನ್ನ ಅನುಭವ

ಆರ್ಮೇನಿಯನ್ ಅಡ್ಡಹೆಸರು ಕೈಗೆ ಬಂದರೆ ನಾನು ಅರ್ಥ ಹುಡುಕುವುದು ಕೊನೆಯಲ್ಲಿ. ಆ ಕಾಗುಣಿತವನ್ನು ಯಾವ ಸರ್ಕಾರದ ಗುಮಾಸ್ತ ಬರೆದ ಎಂಬುದು ಮೊದಲು ಗೊತ್ತಾಗಬೇಕು. ಆಟೊಮನ್, ಪರ್ಷಿಯನ್, ರಷ್ಯನ್ ಸಾಮ್ರಾಜ್ಯಗಳಲ್ಲಿ ಹಂಚಿಹೋಗಿದ್ದ ಜನ ಅವರು. ಒಂದೇ ಹೆಸರು ಮೂರು ದಫ್ತರಗಳಲ್ಲಿ ಮೂರು ರೂಪ ತಾಳಿದೆ.

ಕೆಲಸ ಶುರುವಾಗುವುದು ಬಾಲದಿಂದ. ‘ಯಾನ್’ ಅಂದರೆ ಆ ಮನೆಯವರು, ಅವರ ಕಡೆಯವರು. ಸಾಧ್ಯವಾದರೆ ಹೆಸರನ್ನು ಆರ್ಮೇನಿಯನ್ ಲಿಪಿಯಲ್ಲೇ ತರಿಸಿಕೊಳ್ಳಿ: ಸಮಾಧಿಕಲ್ಲಿನ ಫೋಟೊ ಅಥವಾ ಚರ್ಚಿನ ದೀಕ್ಷಾಸ್ನಾನದ ದಾಖಲೆ. ಬಾಲ ‘ಯೆಚ್’ (ե) ಅಕ್ಷರದಿಂದ ಶುರುವಾಗಿದ್ದರೆ ಅದು ಹಳೆಯ ಕಾಗುಣಿತ. 1922ರ ಸೋವಿಯತ್ ಕಾಗುಣಿತ ಸುಧಾರಣೆಗಿಂತ ಹಿಂದಿನದು, ಇಲ್ಲವೆ ಆ ಸುಧಾರಣೆಯನ್ನು ಒಪ್ಪದ ಹೊರನಾಡಿನವರದು. ‘ಹಿ’ (յ) ಅಕ್ಷರದಿಂದ ಶುರುವಾಗಿದ್ದರೆ ಹೊಸದು. ‘ಉಂತ್ಸ್’ ಎಂದು ಮುಗಿದರೆ ಸ್ಯೂನಿಕ್ ಅಥವಾ ಕರಾಬಾಖ್ ಗುಡ್ಡನಾಡಿನ ಕಡೆ ನೋಡಿ; ಗೋರಿಸ್ ಊರಿನ ಲೇಖಕ ಆಕ್ಸೆಲ್ ಬಕುಂತ್ಸ್ ಇದಕ್ಕೆ ಉದಾಹರಣೆ. ‘ಉನಿ’ ಹಳೆಯ ಪಾಳೆಯಗಾರ ಮನೆತನಗಳ ಗುರುತು: ಬಗ್ರಾತುನಿ, ಆರ್ತ್ಸ್ರುನಿ.

ಬಾಲ ಕತ್ತರಿಸಿದ ಮೇಲೆ ಉಳಿದದ್ದನ್ನು ಹಾಗೇ ನಿಘಂಟಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಪ್ರತ್ಯಯ ಸೇರಿದಾಗ ಕೊನೆಯ ಉಚ್ಚಾರಾಂಶದ ‘ಇ’, ‘ಉ’ ಸ್ವರಗಳು ಆರ್ಮೇನಿಯನ್‌ನಲ್ಲಿ ಅನೇಕ ಸಲ ಬಿದ್ದುಹೋಗುತ್ತವೆ. ಸರ್ಗಿಸ್ ಸೇರಿ ಸರ್ಗ್‌ಸ್ಯಾನ್, ಮ್ಕ್ರ್ತಿಚ್ ಸೇರಿ ಮ್ಕ್ರ್ತ್‌ಚ್ಯಾನ್, ಖಚಾತುರ್ ಸೇರಿ ಖಚಾತ್ರ್ಯಾನ್ ಆಗುತ್ತದೆ. ಬಿದ್ದ ಸ್ವರವನ್ನು ಮತ್ತೆ ಕೂಡಿಸಿದರೆ ಮಾತ್ರ ಅರ್ಥ ತೆರೆದುಕೊಳ್ಳುತ್ತದೆ: ಮ್ಕ್ರ್ತಿಚ್ ಎಂದರೆ ಸ್ನಾನ ಮಾಡಿಸುವವ, ಅಂದರೆ ಸ್ನಾನಿಕ ಯೋಹಾನ, ಖಚಾತುರ್ ಎಂದರೆ ಶಿಲುಬೆಯಿಂದ ದೊರೆತವ. ಸಂಗೀತಗಾರ ಆರಾಮ್ ಖಚಾತುರ್ಯಾನ್ ಹೆಸರಿನಲ್ಲಿ ‘ಉ’ ಉಳಿದುಕೊಂಡಿದೆ, ಆದ್ದರಿಂದ ಅದು ಸುಲಭ.

ಅತಿ ಹೆಚ್ಚು ಗೊಂದಲ ಆಗುವುದು ಪೂರ್ವ–ಪಶ್ಚಿಮ ಉಚ್ಚಾರಣೆಯಲ್ಲಿ. ಯೆರೆವಾನ್ ಮತ್ತು ಇರಾನಿನ ಕಡೆ ಪೆತ್ರೋಸ್ ಎನ್ನುವವನನ್ನು ಇಸ್ತಾಂಬುಲ್, ಬೈರೂತ್ ಕಡೆ ಬೆದ್ರೋಸ್ ಎನ್ನುತ್ತಾರೆ. ಬರೆಯುವ ಅಕ್ಷರ ಅದೇ, ನಾಲಿಗೆ ಬೇರೆ. ಪ–ಬ, ತ–ದ, ಕ–ಗ ಅದಲುಬದಲು. ಗ್ರಿಗೋರ್ಯಾನ್ ಅಲ್ಲಿ ಕ್ರಿಕೋರಿಯಾನ್, ಕರಪೆತ್ಯಾನ್ ಅಲ್ಲಿ ಗರಬೆದಿಯಾನ್, ಹಕೋಬ್ಯಾನ್ ಅಲ್ಲಿ ಹಗೋಪಿಯಾನ್. ಆದ್ದರಿಂದ ನಾನು ಪ್ರತಿ ಹೆಸರನ್ನೂ ಎರಡು ಸಲ ಬರೆಯುತ್ತೇನೆ, ಸಿಕ್ಕಂತೆ ಒಮ್ಮೆ, ಅಕ್ಷರ ಅದಲುಬದಲು ಮಾಡಿ ಇನ್ನೊಮ್ಮೆ. ರಷ್ಯನ್ ದಾಖಲೆಯಾದರೆ ಮೂರನೆಯ ರೂಪವೂ ಬೇಕು, ಏಕೆಂದರೆ ರಷ್ಯನ್‌ನಲ್ಲಿ ‘ಹ’ ಇಲ್ಲ. ಹಕೋಬ್ಯಾನ್ ಅಲ್ಲಿ ಅಕೋಪ್ಯಾನ್ ಆಗುತ್ತದೆ. ಹೊವ್ಹಾನ್ನೆಸ್ (ಯೋಹಾನ) ಒಗನೇಸ್ ಆಗುತ್ತದೆ. 118ನೆಯ ಮೂಲವಸ್ತು ಒಗನೆಸ್ಸಾನ್‌ಗೆ ಹೆಸರು ಕೊಟ್ಟ ವಿಜ್ಞಾನಿ ಯೂರಿ ಒಗನೆಸ್ಯಾನ್ ಅವರ ಅಡ್ಡಹೆಸರಿನೊಳಗೆ ಇರುವುದು ಈ ಯೋಹಾನನೇ.

ಇನ್ನು ಮುಂದಲೆ. ‘ತೆರ್’ ಎಂಬುದು ಪಾದ್ರಿಯ ಬಿರುದು. ಆರ್ಮೇನಿಯನ್ ಚರ್ಚಿನ ಊರ ಪಾದ್ರಿಗಳು ಮದುವೆಯಾಗುತ್ತಾರೆ, ಅವರ ಸಂತತಿಗೆ ಅದು ಅಂಟಿಕೊಳ್ಳುತ್ತದೆ. ಪಶ್ಚಿಮದಲ್ಲಿ ಅದೇ ‘ದೆರ್’. ಸ್ವತಂತ್ರ ಆರ್ಮೇನಿಯಾದ ಮೊದಲ ಅಧ್ಯಕ್ಷ ಲೆವೊನ್ ತೆರ್-ಪೆತ್ರೋಸ್ಯಾನ್ ಅವರ ಹೆಸರಿನಲ್ಲಿ ಅದು ಉಳಿದಿದೆ. ಸೋವಿಯತ್ ಕಾಲದಲ್ಲಿ ಬಹಳ ಮನೆಗಳು ಕೈಬಿಟ್ಟವು. ಹೊಸಬರು ತೆರ್ಜಿಯಾನ್ ಎಂಬುದನ್ನೂ ‘ತೆರ್’ ಎಂದು ಒಡೆದುಬಿಡುತ್ತಾರೆ. ಅದು ‘ತೆರ್ಜಿ’, ನಮ್ಮ ದರ್ಜಿ. ‘ತೆರ್’ ತೆಗೆದ ಮೇಲೆ ಉಳಿದದ್ದು ತಾನೇ ಒಂದು ಹೆಸರಾಗಿ ನಿಲ್ಲಬೇಕು. ನಿಲ್ಲದಿದ್ದರೆ ಒಡೆದ ಜಾಗ ತಪ್ಪು.

ಕಸುಬಿನ ಹೆಸರುಗಳಲ್ಲಿ ಕನ್ನಡಿಗರಿಗೆ ದೊಡ್ಡ ಅನುಕೂಲವಿದೆ. ಫಾರಸಿ, ಅರಬ್ಬಿ ಮಾತುಗಳು ನಮ್ಮ ಕಡೆಗೂ ಬಂದಿವೆಯಲ್ಲ. ನಲ್‌ಬಂದ್ಯಾನ್ ಎಂದರೆ ಕುದುರೆಗೆ ಲಾಳ ಕಟ್ಟುವವರ ಮನೆ. ಉತ್ತರ ಕರ್ನಾಟಕದ ನಾಲಬಂದ ಅಡ್ಡಹೆಸರು ಅದೇ ಮಾತು. ಹಮಾಲಿಯಾನ್ ಹೊರೆ ಹೊರುವವರು, ಸರಾಫಿಯಾನ್ ಹಣ ವಿನಿಮಯದವರು, ಅತ್ತಾರಿಯಾನ್ ಅತ್ತರಿನವರು. ಹೆಸರಿನ ನಡುವೆ ‘ಜಿ’ ಅಥವಾ ‘ಚಿ’ ಕಂಡರೆ ಅದು ತುರ್ಕಿಯ ಕಸುಬಿನ ಪ್ರತ್ಯಯ, ನಮ್ಮ ಖಜಾಂಚಿಯಲ್ಲಿ ಇರುವಂಥದ್ದು. ದೆಮಿರ್ಜಿಯಾನ್ ಕಮ್ಮಾರ, ಕಜಾಂಜಿಯಾನ್ ಹಂಡೆ ಮಾಡುವವ, ಸಾಬೂಂಜಿಯಾನ್ ಸಾಬೂನಿನವ. ತಾಳ ತಯಾರಿಸುವ ಜಿಲ್ಜಿಯಾನ್ ಮನೆತನಕ್ಕೂ ‘ಜಿಲ್’, ಅಂದರೆ ತಾಳದಿಂದಲೇ ಹೆಸರು; 1623ರಲ್ಲಿ ಇಸ್ತಾಂಬುಲ್‌ನಲ್ಲಿ ಶುರುವಾದ ಕಸುಬು ಅದು. ‘ಲಿ’ ಇದ್ದರೆ ಊರು: ಇಜ್ಮಿರ್ಲಿಯಾನ್, ಮರಾಷ್ಲಿಯಾನ್. ಟೋಪಾಲಿಯಾನ್ (ಕುಂಟ) ಥರದ ಅಡ್ಡಗುರುತಿನ ಹೆಸರುಗಳೂ ಬೇಕಾದಷ್ಟಿವೆ. ಅವುಗಳ ಅರ್ಥವನ್ನು ಮೆತ್ತಗೆ ಮಾಡಿ ಹೇಳಬಾರದು ಎಂಬುದು ನನ್ನ ನಿಲುವು.

ಅಕ್ಕಸಾಲಿಗ ಎಂಬ ಒಂದೇ ಕಸುಬಿಗೆ ವೋಸ್ಕೆರಿಚ್ಯಾನ್ (ಆರ್ಮೇನಿಯನ್), ಕುಯುಮ್ಜಿಯಾನ್ (ತುರ್ಕಿ), ಜರ್ಗಾರ್ಯಾನ್ (ಫಾರಸಿ) ಎಂದು ಮೂರು ಹೆಸರು. ಬೇರಿನ ಭಾಷೆ ಹೇಳುವುದು ಆ ಮನೆಯವರು ವ್ಯಾಪಾರ ಮಾಡಿದ ಪೇಟೆಯನ್ನು, ಅವರ ರಕ್ತವನ್ನಲ್ಲ. ತುರ್ಕಿ ಬೇರು ಕಂಡು ‘ಇವರು ಮೂಲತಃ ತುರ್ಕರು’ ಎಂದು ಬರೆಯುವವರನ್ನು ನಂಬಬೇಡಿ. ಅದೇ ರೀತಿ ‘ಯಾನ್’ ಕಂಡ ಮಾತ್ರಕ್ಕೆ ಆರ್ಮೇನಿಯನ್ ಅಲ್ಲ: ತೆಹ್ರಾನಿಯಾನ್, ಅಹ್ಮದಿಯಾನ್ ಇರಾನಿ ಹೆಸರುಗಳು. ತಂದೆ, ತಾತನ ಹೆಸರು ಕೇಳಿಕೊಂಡರೆ ಸಾಮಾನ್ಯವಾಗಿ ಇದು ಬಗೆಹರಿಯುತ್ತದೆ. ವ್ಯಕ್ತಿನಾಮ ಎಂದು ಖಚಿತವಾದರೆ ಹ್ರಾಚ್ಯಾ ಅಚಾರ್ಯಾನ್ ಅವರ ಐದು ಸಂಪುಟಗಳ ನಾಮನಿಘಂಟು ತೆರೆಯುತ್ತೇನೆ.

ಬಾಲವೇ ಇಲ್ಲದ ಹೆಸರುಗಳು ನಿಜವಾಗಿ ಕಷ್ಟದವು. ತುರ್ಕಿಯ 1934ರ ಅಡ್ಡಹೆಸರು ಕಾನೂನು ‘ಯಾನ್’ ಥರದ ಪ್ರತ್ಯಯಗಳನ್ನು ತಡೆಯಿತು. ಭಾಷಾವಿಜ್ಞಾನಿ ಆಗೋಪ್ ಮಾರ್ತಾಯಾನ್ ಆಗ ದಿಲಾಚಾರ್ ಆದರು. ಭಾರತದಲ್ಲಿ ಇಂಗ್ಲಿಷ್ ವ್ಯಾಪಾರ ಅದೇ ಕೆಲಸವನ್ನು ಕಾನೂನಿಲ್ಲದೆ ಮಾಡಿತು. ಕಲ್ಕತ್ತ, ಮದರಾಸಿನ ಆರ್ಮೇನಿಯನ್ನರಲ್ಲಿ ಹರುತ್ಯುನ್ (ಪುನರುತ್ಥಾನ) ಅರಥೂನ್ ಆಯಿತು, ಖಚಿಕ್ ಎಂಬುದು ಕ್ಯಾಚಿಕ್ ಆಯಿತು. ಇಲ್ಲಿ ಇಂಗ್ಲಿಷ್ ಕಾಗದಪತ್ರ ನೆಚ್ಚಿಕೊಳ್ಳದೆ ಚರ್ಚಿನ ಆರ್ಮೇನಿಯನ್ ದಾಖಲೆಗೇ ಹೋಗಬೇಕು. 1846ರಲ್ಲಿ ಕಲ್ಕತ್ತದಲ್ಲಿ ಹುಟ್ಟಿ ಹಾಂಗ್‌ಕಾಂಗಿನಲ್ಲಿ ಹೆಸರು ಮಾಡಿದ ಕ್ಯಾಚಿಕ್ ಪಾಲ್ ಚೇಟರ್ ಅವರ ‘ಚೇಟರ್’ ಎಂಬುದು ಅಸ್ತ್ವಾತ್ಸಾತುರ್ಯಾನ್, ‘ದೇವರು ಕೊಟ್ಟವನ ಮನೆಯವರು’. ಯಾವ ನಿಯಮ ಹಿಡಿದು ಹಿಂದಕ್ಕೆ ನಡೆದರೂ ಚೇಟರ್‌ನಿಂದ ಅಲ್ಲಿಗೆ ತಲುಪಲಾಗದು.