ನ್ಯಾನೊ ಜಿಂಕ್ ಕೊಟ್ಟ ಟೊಮೇಟೊ ಸಸಿ: ಜೀನ್ ಅಲುಗಿದ್ದು ಕಣದಿಂದಲೋ, ಕರಗಿದ ಸತುವಿನಿಂದಲೋ?

ನ್ಯಾನೊ ಕಣ ಸಿಂಪಡಿಸಿದ ಮೇಲೆ ಗಿಡದ ಇಂಥ ಜೀನ್ ಚುರುಕಾಯಿತು ಎಂದು ಎಲ್ಲಾದರೂ ಓದಿದರೆ ನಾನು ಮೊದಲು ಹುಡುಕುವುದು ಒಂದನ್ನೇ: ಪಕ್ಕದಲ್ಲಿ ಬರೀ ಜಿಂಕ್ ಸಲ್ಫೇಟ್, ಅಂದರೆ ನೀರಿನಲ್ಲಿ ಕರಗುವ ಸತುವಿನ ಲವಣ, ಕುಡಿದ ಗಿಡ ಇತ್ತಾ? ಕಣ ಕರಗಿ ಬಿಟ್ಟ ಸತುವೇ ಆ ಕೆಲಸ ಮಾಡಿರಬಹುದಲ್ಲ. ಸಂಶೋಧನೆಗೆಂದು ಟೊಮೇಟೊ ಸಸಿಗಳಿಗೆ ಜಿಂಕ್ ಆಕ್ಸೈಡ್ ನ್ಯಾನೊ ಕಣ ಕೊಟ್ಟು ನೋಡುತ್ತಾ ಅಂಟಿಕೊಂಡ ಚಟ ಇದು.

ಟೊಮೇಟೊ ಯಾಕೆ ಎಂದು ಕೋಲಾರದವನನ್ನು ಕೇಳಬೇಕಾಗಿಲ್ಲ. ಆದರೂ ಇನ್ನೊಂದು ಕಾರಣ ಇತ್ತು. ಅದರ ಪೂರ್ತಿ ಜೀನೋಮ್ (ಎಲ್ಲ ಜೀನ್ ಸೇರಿದ ಡಿಎನ್‌ಎ ಬರಹ) 2012ರಲ್ಲೇ ಪ್ರಕಟವಾಗಿದೆ. ಸುಮಾರು 35,000 ಜೀನ್‌ಗಳಲ್ಲಿ ಬೇಕಾದ್ದನ್ನು ಹುಡುಕಿ, ಅದನ್ನೇ ಹಿಡಿಯುವ ಡಿಎನ್‌ಎ ತುಣುಕು, ಅಂದರೆ ಪ್ರೈಮರ್, ಬರೆದುಕೊಳ್ಳುವುದು ಸಲೀಸು.

ಪ್ರೋಟ್ರೇ ಸಸಿಗಳನ್ನು ನಾಲ್ಕು ಗುಂಪು ಮಾಡಿದೆ. ಒಂದಕ್ಕೆ ಬರೀ ನೀರು, ಒಂದಕ್ಕೆ ನ್ಯಾನೊ ಜಿಂಕ್ ಆಕ್ಸೈಡ್, ಇನ್ನೊಂದಕ್ಕೆ ಅದೇ ಆಕ್ಸೈಡಿನ ದಪ್ಪ ಪುಡಿ, ಕೊನೆಯದಕ್ಕೆ ಜಿಂಕ್ ಸಲ್ಫೇಟ್. ತೂಕ ಸಮ ಮಾಡಿದರೆ ಸಾಲದು, ಸತು ಸಮ ಆಗಬೇಕು. ಆಕ್ಸೈಡಿನಲ್ಲಿ ಸತು ಸುಮಾರು ಶೇ. 80, ಅಂಗಡಿಯಲ್ಲಿ ಸಿಗುವ ಹರಳು ಸಲ್ಫೇಟಿನಲ್ಲಿ ಶೇ. 21-22. ಈ ಲೆಕ್ಕ ತಪ್ಪಿದರೆ ಮುಂದಿನ ಯಾವ ಗ್ರಾಫಿಗೂ ಬೆಲೆಯಿಲ್ಲ.

ಕಣಗಳನ್ನು ನೀರಿನಲ್ಲಿ ಬಿಡಿಬಿಡಿಯಾಗಿ ಇಡುವುದೇ ದೊಡ್ಡ ಕೆಲಸ. ಡಿಸ್ಟಿಲ್ಡ್ ವಾಟರಿನಲ್ಲಿ ಸೋನಿಕೇಟರ್ (ಶಬ್ದದ ಅಲೆಯಿಂದ ಕಲಕುವ ಯಂತ್ರ) ಹಾಕಿದರೆ ದ್ರಾವಣ ತೆಳು ಹಾಲಿನಂತೆ ಒಂದೇ ಸಮ ನಿಲ್ಲುತ್ತದೆ. ಕುತೂಹಲಕ್ಕೆ ನಮ್ಮೂರ ಬೋರ್‌ವೆಲ್ ನೀರಿನಲ್ಲೂ ಕಲಸಿದೆ. ನೋಡನೋಡುತ್ತಿದ್ದಂತೆ ಬೀಕರಿನ ತಳಕ್ಕೆ ಬಿಳಿ ಗಸಿ ಇಳಿಯಿತು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಣಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತವೆ. 100 ನ್ಯಾನೊಮೀಟರಿಗಿಂತ ಚಿಕ್ಕದು ಎಂದು ಡಬ್ಬಿಯ ಮೇಲೆ ಬರೆದಿದ್ದರೂ ಎಲೆ ಮುಟ್ಟುವ ಹೊತ್ತಿಗೆ ಅದು ಗಂಟು. ಪ್ರಯೋಗಾಲಯದ ಫಲಿತಾಂಶ ಹೊಲದಲ್ಲಿ ಯಾಕೆ ಕೈಕೊಡುತ್ತದೆ ಎಂದು ಕೇಳುವವರು ಈ ತಳದ ಗಸಿಯನ್ನೊಮ್ಮೆ ನೋಡಬೇಕು.

ಎಲೆ ಕೀಳುವುದರಲ್ಲೂ ಶಿಸ್ತು ಬೇಕು. ಎಷ್ಟೋ ಜೀನ್‌ಗಳು ಹಗಲು ರಾತ್ರಿಯ ಲಯಕ್ಕೆ ತಾವಾಗಿಯೇ ಏರಿಳಿಯುತ್ತವೆ. ಹಾಗಾಗಿ ಎಲ್ಲ ಗುಂಪಿನಿಂದಲೂ ಬೆಳಿಗ್ಗೆ ಅದೇ ಹೊತ್ತಿಗೆ, ಅದೇ ವಯಸ್ಸಿನ ಎಲೆ. ಕಿತ್ತ ತಕ್ಷಣ ದ್ರವ ಸಾರಜನಕ. ಅರೆಯುವ ಕಲ್ಬತ್ತು ಮುಂಚೆಯೇ ತಣ್ಣಗಿರಬೇಕು. ಎಲೆ ಮಂಜುಗಟ್ಟಿ ಚಿಟಿಚಿಟಿ ಅನ್ನುತ್ತಾ ತಿಳಿಹಸಿರು ಪುಡಿಯಾಗುತ್ತದೆ. ಕೈ ಕೊಂಚ ನಿಧಾನವಾಗಿ ಪುಡಿ ಒದ್ದೆಯಾಗಿ ಗಾಢ ಹಸಿರಿಗೆ ತಿರುಗಿತೆಂದರೆ ಆರ್‌ಎನ್‌ಎ (ಕೆಲಸದಲ್ಲಿರುವ ಜೀನ್ ಬರೆಯುವ ನಕಲು) ಚೂರಾಗುತ್ತಿದೆ ಎಂದೇ ಅರ್ಥ, ಆ ಮಾದರಿ ಬಿಟ್ಟುಬಿಡುವುದೇ ಸರಿ. ಆಮೇಲೆ ಆರ್‌ಎನ್‌ಎ ಬೇರ್ಪಡಿಸಿ, ಬೆರೆತ ಡಿಎನ್‌ಎ ತೆಗೆದು, ಸಿಡಿಎನ್‌ಎ (ಆರ್‌ಎನ್‌ಎಯ ಡಿಎನ್‌ಎ ಪ್ರತಿ) ಮಾಡಿ, ಅದನ್ನು ಸುತ್ತುಸುತ್ತಾಗಿ ಹೆಚ್ಚಿಸಿ ಅಳೆಯುವ ಕ್ಯೂಪಿಸಿಆರ್ ಯಂತ್ರಕ್ಕೆ. ಅದರಲ್ಲಿ ಸಿ.ಟಿ. ಅಂಕಿ, ಅಂದರೆ ಗುರುತು ಕಾಣಲು ಬೇಕಾದ ಸುತ್ತುಗಳ ಎಣಿಕೆ, ಒಂದು ಕಡಿಮೆಯಾದರೆ ಆ ಜೀನಿನ ಆರ್‌ಎನ್‌ಎ ಹೆಚ್ಚುಕಮ್ಮಿ ಎರಡರಷ್ಟಿದೆ ಎಂದು ಲೆಕ್ಕ. ಏರಿಳಿಯದೆ ನಿಲ್ಲುತ್ತದೆಂದು ನಂಬಿ, ಹೋಲಿಕೆಯ ಅಳತೆಗೋಲಾಗಿ ಹೆಚ್ಚಿನವರು ಆಕ್ಟಿನ್ ಜೀನ್ ಇಟ್ಟುಕೊಳ್ಳುತ್ತಾರೆ. ಗಿಡ ಒತ್ತಡದಲ್ಲಿದ್ದರೆ ಆ ಅಳತೆಗೋಲೇ ಅಲುಗಬಹುದು, ಅದಕ್ಕೆ ಅಂಥವೇ ಇನ್ನೆರಡು ಜೀನ್, ಯುಬಿಕ್ವಿಟಿನ್ ಮತ್ತು ಇಎಫ್-1 ಆಲ್ಫಾ ಕೂಡ ಜೊತೆಗಿಟ್ಟೆ.

ಕಂಡದ್ದು ಇಷ್ಟು. ಸತುವನ್ನು ಒಳಗೆ ಎಳೆದುಕೊಳ್ಳುವ ಜಿಪ್ ಕುಟುಂಬದ ಜೀನ್‌ಗಳು ನ್ಯಾನೊ ಕೊಟ್ಟಲ್ಲಿ ತಗ್ಗಿದವು. ಸಲ್ಫೇಟ್ ಕೊಟ್ಟಲ್ಲೂ ಹೆಚ್ಚುಕಡಿಮೆ ಅಷ್ಟೇ ತಗ್ಗಿದವು. ಹೊಟ್ಟೆ ತುಂಬಿದ ಗಿಡ ಬಾಗಿಲು ಅರೆ ಮುಚ್ಚಿದೆ, ಅಷ್ಟೆ. ಅದರಲ್ಲಿ ನ್ಯಾನೊದ ಹೆಚ್ಚುಗಾರಿಕೆ ಏನೂ ಇಲ್ಲ. ಪ್ರಮಾಣ ಏರಿಸಿದಾಗ ಮಾತ್ರ ಎಸ್‌ಒಡಿ, ಕ್ಯಾಟಲೇಸ್ ಮುಂತಾದ ರಕ್ಷಣೆಯ ಜೀನ್‌ಗಳು ನ್ಯಾನೊ ಗುಂಪಿನಲ್ಲಿ ಬೇಗ ಎದ್ದವು. ಕಣ ತಾಗಿದ ಜೀವಕೋಶದಲ್ಲಿ ಕೋಶಕ್ಕೆ ಹಾನಿ ಮಾಡಬಲ್ಲ ಚುರುಕು ಆಮ್ಲಜನಕದ ಅಣುಗಳು ಹೆಚ್ಚಿ, ಆ ಸುದ್ದಿ ಕ್ಯಾಲ್ಸಿಯಂ ಸಂಕೇತಗಳ ಮೂಲಕ ನ್ಯೂಕ್ಲಿಯಸ್ ಮುಟ್ಟುತ್ತದೆ. ಅದೇ ಸಸಿಗಳ ಬೇರು ಮೊಟಕಾಗಿತ್ತು. ರಕ್ಷಣೆಯ ಜೀನ್ ಎದ್ದದ್ದನ್ನು ಗಿಡ ಬಲವಾಯಿತು ಎಂದು ಓದುವವರ ಮೇಲೆ ನನಗೆ ಸಿಟ್ಟು ಬರುವುದು ಇಲ್ಲೇ.

ಹಾಗಂತ ಎಲ್ಲವೂ ಕರಗಿದ ಲೋಹದ ಆಟವಲ್ಲ. 2012ರಲ್ಲಿ ಅರಾಬಿಡಾಪ್ಸಿಸ್ ಎಂಬ ಪ್ರಯೋಗಾಲಯದ ಪುಟ್ಟ ಗಿಡದ ಬೇರಿನ ಮೇಲಿನ ಅಧ್ಯಯನದಲ್ಲಿ ಜಿಂಕ್ ಆಕ್ಸೈಡ್ ಸಾವಿರಕ್ಕೂ ಹೆಚ್ಚು ಜೀನ್‌ಗಳನ್ನು ಅಲುಗಿಸಿದರೆ, ಕರಗದ ಟೈಟಾನಿಯಂ ಡೈಆಕ್ಸೈಡ್ ಕೂಡ ನೂರೈವತ್ತರ ಆಸುಪಾಸು ಜೀನ್ ಅಲುಗಿಸಿತ್ತು. ನಮ್ಮ ಟೊಮೇಟೊದಲ್ಲೇ, ನೀರಿನಲ್ಲಿ ಕರಗದ ಕಾರ್ಬನ್ ನ್ಯಾನೊಟ್ಯೂಬ್‌ಗಳು (ಇಂಗಾಲದ ಅತಿ ಸಣ್ಣ ಕೊಳವೆಗಳು) ನೀರು ಸಾಗಿಸುವ ಅಕ್ವಾಪೊರಿನ್ ಜೀನನ್ನು ಚುರುಕುಗೊಳಿಸಿದ ವರದಿಯಿದೆ. ಅಲ್ಲಿ ಅಲುಗಿಸಿದ್ದು ಕಣವೇ.

ಮನೆ ಪಕ್ಕದ ಚಿಕ್ಕಪ್ಪನಿಗೆ ಇದೆಲ್ಲ ಬೇಡ. “ಏನಪ್ಪಾ, ಇದು ಹೊಡೆದ್ರೆ ಮಂಡಿಗೆ ಬಾಕ್ಸು ಜಾಸ್ತಿ ಹೋಗ್ತವಾ?” ಅಂದರು.

“ನಾನು ನೋಡಿರೋದು ಸಸಿ ಎಲೆ ಚಿಕ್ಕಪ್ಪಾ, ಹಣ್ಣಲ್ಲ. ಹೊಡೀಲೇಬೇಕು ಅಂದ್ರೆ ಪಕ್ಕದ ಸಾಲಿಗೆ ಬರೀ ಜಿಂಕ್ ಸಲ್ಫೇಟ್ ಹೊಡೆದು, ಎರಡನ್ನೂ ಬೇರೆ ಬೇರೆ ಕೊಯ್ದು ತೂಗಿ.”

“ಬೋರ್ ನೀರಲ್ಲೇ ಕಲಸ್ಲಾ?”

“ಮಳೆನೀರು ಹಿಡಿದಿಟ್ಟಿದ್ರೆ ಅದರಲ್ಲಿ ಕಲಸಿ. ಡ್ರಮ್ಮಲ್ಲಿ ಬಿಡಬೇಡಿ, ತಿರುವ್ತಾನೇ ಹೊಡೀರಿ.”